ವೋಟು ಊರಲ್ಲಿದೆ ಕಣ್ರೀ

2024ರ ಏಪ್ರಿಲ್ 26ಕ್ಕೆ ಲೋಕಸಭೆ ಎಲೆಕ್ಷನ್ ಆಯ್ತಲ್ಲ, ಅವತ್ತು ನಾನು ಹಾಸನದ ವಿದ್ಯಾನಗರದ ಕಡೆ ಒಂದು ಬೂತಲ್ಲಿ ಪೋಲಿಂಗ್ ಏಜೆಂಟ್ ಆಗಿ, ಅಂದ್ರೆ ಒಂದು ಪಕ್ಷದ ಪರವಾಗಿ ಮತದಾನ ನೋಡ್ಕೊಳ್ಳೋನಾಗಿ ಕೂತಿದ್ದೆ. ಯಾವ ಪಕ್ಷ ಅಂತ ಕೇಳ್ಬೇಡಿ, ಎಲ್ಲಾ ಏಜೆಂಟ್‌ಗಳಿಗೂ ಬಂದಿದ್ದು ಅದೇ ಆರಿಹೋದ ಪುಳಿಯೋಗರೆ. ಬೆಳಗ್ಗೆ ಐದೂವರೆಗೇ ಅಣಕು ಮತದಾನ, ಕಡಿಮೆ ಅಂದ್ರೂ 50 ವೋಟು ಒತ್ತಿ, ಎಣಿಸಿ, ಅಳಿಸಿ ತೋರಿಸ್ಬೇಕು, ನಿದ್ದೆಗಣ್ಣಲ್ಲಿ ನಾನು ಯಾರಿಗೆ ಒತ್ತಿದ್ನೋ ದೇವರಿಗೇ ಗೊತ್ತು.

ಏಳಕ್ಕೆ ಬಾಗಿಲು ತೆಗೀತಿದ್ದಂಗೇ ರಿಟೈರ್ಡ್ ಮೇಷ್ಟ್ರುಗಳು, ಕೈಯಲ್ಲಿ ಹಾಲಿನ ಪ್ಯಾಕೆಟ್ಟು. ಹತ್ತರ ಹೊತ್ತಿಗೆ ಗಂಡ ಹೆಂಡ್ತಿ ಜೋಡಿಗಳು. ಹನ್ನೆರಡರಿಂದ ಮೂರರವರೆಗೆ ಫ್ಯಾನಿನ ಸದ್ದು ಬಿಟ್ರೆ ಏನೂ ಇಲ್ಲ. ನಾಲ್ಕರ ಮೇಲೆ ಹಿಂದಿನ ಗಲ್ಲಿಯವರು ಬಂದ್ರು ನೋಡಿ, ಗಾರೆ ಕೆಲಸದವರು, ಮನೆಕೆಲಸದ ಹೆಂಗಸರು, ಬೀದಿಗೆ ಬೀದಿನೇ ಒಟ್ಟಿಗೆ ಬಂದಂಗೆ, ಕೆಲವರ ಕೈಗೆ ಇನ್ನೂ ಸಿಮೆಂಟ್ ಮೆತ್ತಿತ್ತು, ಶಾಯಿ ಹಚ್ಚೋಳು ಬೆರಳು ಒರೆಸಿ ಒರೆಸಿ ಸಾಕಾದ್ಳು.

ಆರು ಗಂಟೆಗೆ ಮೆಷಿನ್ ಕ್ಲೋಸ್ ಮಾಡಿ ಎಷ್ಟು ವೋಟು ಬಿತ್ತು ಅಂತ ಬರೆಯೋ 17ಸಿ ಫಾರ್ಮಿಗೆ ಸೈನ್ ಹಾಕಿದಾಗ ನಮ್ಮ ಬೂತು ಅರ್ಧ ದಾಟಿದ್ದೇ ದೊಡ್ಡದು. ಪಕ್ಕದ ಏಜೆಂಟ್ ಅಂದ, ಓದಿದೋರಿಗೇ ಕೊಬ್ಬು ಅಂತ. ನಾನೂ ಹೂಂ ಅಂದೆ. ಹಾಸನ ಕ್ಷೇತ್ರ ಒಟ್ಟಾರೆ ಶೇ. 77 ದಾಟಿತ್ತು, ಆದ್ರೆ ಅದ್ರಲ್ಲಿ ಹೊಳೆನರಸೀಪುರ, ಅರಕಲಗೂಡು, ಕಡೂರಿನ ಹಳ್ಳಿಗಳೆಲ್ಲಾ ಸೇರಿದೆ, ನಮ್ಮ ಬಡಾವಣೆ ಆ ಲೆಕ್ಕದ ನೆರಳಲ್ಲಿ ಬಚಾವಾಯ್ತು ಅಷ್ಟೇ.

ಮನೆಗೆ ಬಂದು, ವೋಟ್ ಹಾಕಿದವರ ಹೆಸರಿಗೆ ನಾನು ಟಿಕ್ ಹಾಕಿದ್ದ ವೋಟರ್ ಲಿಸ್ಟ್ ಬಿಡಿಸಿ ಕೂತಾಗ ಗೊತ್ತಾಗಿದ್ದೇ ಬೇರೆ. ಟಿಕ್ ಇಲ್ಲದ ಹೆಸರುಗಳನ್ನ ಒಂದೊಂದಾಗಿ ನೋಡ್ತಾ ಹೋದೆ. ಎದುರು ಮನೆ ಹುಡುಗಿ ಮದ್ವೆಯಾಗಿ ಮಂಗಳೂರು ಸೇರಿ ಐದು ವರ್ಷ. ಮೂಲೆ ಮನೆಯ ಮೂರು ಜನ ಬಾಡಿಗೆದಾರರು ಯಾವ ಕಾಲದಲ್ಲೋ ಖಾಲಿ ಮಾಡಿದ್ರು, ಆ ಮನೇನೇ ಕೆಡವಿ ಈಗ ಪಿಜಿ ಆಗಿದೆ, ಪಿಜಿಯಲ್ಲಿರೋ ಮಕ್ಕಳಲ್ಲಿ ಒಬ್ಬರ ಹೆಸರೂ ಇಲ್ಲ. ತೀರಿಕೊಂಡ ಇಬ್ಬರು ಅಜ್ಜಂದಿರು ಹಾಗೇ ಇದ್ದಾರೆ. ಎಎಸ್‌ಡಿ ಅಂತ ಬೇರೆ ಪಟ್ಟಿ ಮಾಡ್ತಾರೆ, ಗೈರಾದವರು, ಜಾಗ ಬಿಟ್ಟವರು, ಸತ್ತವರು ಅಂತ, ಅದು ಕಳ್ಳ ವೋಟು ತಡೆಯೋಕೆ, ಶೇಕಡಾವಾರು ಹಾಕುವಾಗ ಅವರೂ ವೋಟ್ ಹಾಕದವರೇ!

ಇನ್ನೊಂದು ಮಜಾ ಕೇಳಿ. ನಮ್ಮ ರೋಡಲ್ಲಿ ಇಪ್ಪತ್ತು ವರ್ಷದಿಂದ ಸ್ವಂತ ಮನೆ ಇರೋರನ್ನ ಕೇಳಿದ್ರೂ 'ನಮ್ದು ವೋಟು ಊರಲ್ಲಿದೆ ಕಣ್ರೀ' ಅಂತಾರೆ. ಜಮೀನು ಅಲ್ಲಿ, ರೇಷನ್ ಕಾರ್ಡ್ ಅಲ್ಲಿ, ಮೇಲಾಗಿ ಗ್ರಾಮ ಪಂಚಾಯ್ತಿ. ಅಲ್ಲಿ ಮೂರು ವೋಟಲ್ಲಿ ಗೆದ್ದೋನು ಜೀವಮಾನ ನಿಮ್ಮನ್ನ ನೆನಪಿಟ್ಕೋತಾನೆ, ಇಲ್ಲಿ ವಾರ್ಡ್ ಮೆಂಬರ್ ಯಾರು ಅಂತ ನಮಗೇ ನೆನಪಿಲ್ಲ. ಎರಡೂ ಕಡೆ ಇಟ್ಕೊಳ್ಳೋದು ಕಾನೂನು ಪ್ರಕಾರ ತಪ್ಪು, ಹಾಗಾಗಿ ಊರನ್ನೇ ಆರಿಸ್ಕೋತಾರೆ. ಅವತ್ತು ಬೆಳಗ್ಗೆ ಬೈಕ್ ಹತ್ತಿ ಹೋಗಿ ವೋಟ್ ಹಾಕಿ, ಬಾಡೂಟ ಮುಗಿಸಿ ಬಂದ್ರು, ಅವರನ್ನ ಸೋಮಾರಿ ಅನ್ನೋಕೆ ಬಾಯಿ ಬರಲ್ಲ.

2023ರ ವಿಧಾನಸಭೆಗೆ ಬುಧವಾರ ಇಟ್ಟಿದ್ರು, ಲಾಂಗ್ ವೀಕೆಂಡ್ ಮಾಡ್ಕಂಡು ಜನ ಟ್ರಿಪ್ ಹೋಗ್ದಿರ್ಲಿ ಅಂತ. 2024ರಲ್ಲಿ ಶುಕ್ರವಾರ ಬಂತು, ಬೆಂಗಳೂರು ದಕ್ಷಿಣ ಶೇ. 53ರ ಆಸುಪಾಸಲ್ಲೇ ನಿಲ್ತು, ಎಲ್ರೂ ಬೈದಿದ್ದೇ ಬೈದಿದ್ದು. ಆದ್ರೆ ಗುರುವಾರ ರಾತ್ರಿ ಬೆಂಗಳೂರಿಂದ ಬಂದು ಹಾಸನ ಬಸ್ ಸ್ಟ್ಯಾಂಡಲ್ಲಿ ಬ್ಯಾಗ್ ಹಿಡ್ಕಂಡು ಇಳಿದ ಹುಡುಗರನ್ನ ನಾನು ಕಣ್ಣಾರೆ ನೋಡಿದೀನಿ. ಅಲ್ಲಿ ಖಾಲಿ ಮಾಡಿಸೋ ರಜ ಇಲ್ಲಿ ತುಂಬಿಸುತ್ತೆ.

ಪಟ್ಟಿ ಸರಿ ಮಾಡಿಸೋಕೆ ದೊಡ್ಡ ಕೆಲಸ ಏನಿಲ್ಲ, ವಿಳಾಸ ಬದಲಾದ್ರೆ ಫಾರ್ಮ್ 8, ತೆಗೆಸೋಕೆ ಫಾರ್ಮ್ 7. ನಾನೂ ಉತ್ಸಾಹದಲ್ಲಿ ಮೊದಲು ನಮ್ಮನೆಯಿಂದಲೇ ಶುರು ಮಾಡೋಣ ಅಂತ ಹೊರಟೆ, ತಮ್ಮ ಬೆಂಗಳೂರು ಸೇರಿ ಒಂಬತ್ತು ವರ್ಷ, ಆ ಶುಕ್ರವಾರನೂ ಅವನ ಹೆಸರಿಗೆ ಟಿಕ್ ಬಿದ್ದಿರ್ಲಿಲ್ಲ. ಫೋನ್ ಮಾಡಿದ್ರೆ ಅವನು ಆಯ್ತು ಹಾಕು ಅಂದ. ಒಪ್ಪದೇ ಇದ್ದಿದ್ದು ಅಮ್ಮ. 'ಹೆಸರೂ ತೆಗೆಸಿಬಿಟ್ರೆ ಪಾಲೂ ಇಲ್ಲ ಅಂದ್ಕೋತಾನೆ, ಇರ್ಲಿ ಬಿಡು' ಅಂದ್ಬುಟ್ಟು ಒಳಗೆ ಹೋದ್ಲು. ಫಾರ್ಮು ಇನ್ನೂ ಟಿವಿ ಸ್ಟ್ಯಾಂಡ್ ಮೇಲಿದೆ.