ಬಟ್ಟೆಯ ಮನೆತನ

ಹೊಲಿಗೆ ತರಗತಿಗೆ ಸೇರಿದ ಮೊದಲ ಎರಡು ತಿಂಗಳು ನಾವು ಒಂದು ಹೊಲಿಗೆಯನ್ನೂ ಹಾಕಲಿಲ್ಲ. 1987ರ ಮಳೆಗಾಲ, ನಾನಾಗ ಒಂಬತ್ತನೇ ತರಗತಿ. ಅಪ್ಪ ಸುಂಟಿಕೊಪ್ಪದ ಕಡೆಯ ಕಾಫಿ ತೋಟವೊಂದರಲ್ಲಿ ಲೆಕ್ಕಪತ್ರ ಬರೆಯುವ ರೈಟರ್ ಆಗಿದ್ದರು. ಅಲ್ಲಿಂದ ಬಸ್ಸಿನಲ್ಲಿ ಮಡಿಕೇರಿಗೆ ಬಂದು ಓದುತ್ತಿದ್ದೆ. ಸ್ಟೇಜಿನ ಹಿಂದಿನ ಕೋಣೆಯಲ್ಲಿ ಮೂರು ಕಾಲ್ಮೆಷಿನ್ನುಗಳಿದ್ದವು, ಒಂದಕ್ಕೆ ಬೆಲ್ಟೇ ಇರಲಿಲ್ಲ. ಉಳಿದ ಎರಡರ ಮೇಲೆ ನಮ್ಮೆಲ್ಲರ ಕಣ್ಣು. ಆದರೆ ಹೊಲಿಗೆ ಟೀಚರ್ ಅವಕ್ಕೆ ಹಳೆ ಬೆಡ್‌ಶೀಟು ಹೊದಿಸಿ, ದೊಡ್ಡದೊಂದು ಬಿಸ್ಕತ್ತಿನ ಡಬ್ಬವನ್ನು ಮೇಜಿನ ಮೇಲೆ ಬೋರಲು ಹಾಕಿದರು. ಎಲ್ಲ ತುಂಡು ಬಟ್ಟೆ. ಶುಕ್ರವಾರದ ಸಂತೆಗೆ ಹೋದಾಗಲೆಲ್ಲ ಪೇಟೆಯ ದರ್ಜಿಗಳ ಕಾಲ ಬುಡದಿಂದ ಆರಿಸಿ ತಂದವಂತೆ.

ಮಿರಮಿರ ಮಿನುಗುವ ಒಂದು ತುಂಡು ಎತ್ತಿ "ಇದೇನು?" ಎಂದರು.

"ಸ್ಯಾಟಿನ್" ಎಂದೆ, ಗೊತ್ತಿರುವ ಜಂಬದಲ್ಲಿ.

"ಅದು ಹೆಸರು. ಮನೆತನ ಹೇಳು."

ಕೊಡಗಿನಲ್ಲಿ ಬೆಳೆದವರಿಗೆ ಈ ಪ್ರಶ್ನೆ ಹೊಸದೇನಲ್ಲ. ಪರಿಚಯವಿಲ್ಲದವರು ಎದುರಾದರೆ ನಮ್ಮ ಹೆಸರಿನಿಂದ ಅವರಿಗೆ ತೃಪ್ತಿಯಾಗುವುದಿಲ್ಲ, ಮನೆಹೆಸರು ಬೇಕು. ಟೀಚರ್ ಅದನ್ನೇ ಬಟ್ಟೆಗೆ ಹಚ್ಚಿದ್ದರು. ಸ್ಯಾಟಿನ್, ಜಾರ್ಜೆಟ್, ಪಾಪ್ಲಿನ್ ಎಂಬುವೆಲ್ಲ ನೂಲನ್ನು ಹೊಸೆದ, ನೇಯ್ದ ರೀತಿಗೆ ಬಂದ ಹೆಸರುಗಳು. ಸ್ಯಾಟಿನ್ನಿನಲ್ಲಿ ಹಾಸಿನ, ಅಂದರೆ ಉದ್ದಕ್ಕೆ ಓಡುವ ಎಳೆ ಹೊಕ್ಕಿನ, ಅಂದರೆ ಅಡ್ಡಕ್ಕೆ ಓಡುವ ನಾಲ್ಕಾರು ಎಳೆಗಳ ಮೇಲೆ ತೇಲಿಹೋಗಿ ಆಮೇಲೆ ಒಂದರ ಅಡಿ ನುಸುಳುತ್ತದೆ. ಆ ಮಿರುಗು ಬರುವುದೂ ಅದರಿಂದಲೇ, ಬಳೆ ತಾಗಿದರೆ ಎಳೆ ಕಿತ್ತುಕೊಳ್ಳುವುದೂ ಅದರಿಂದಲೇ. ನೂಲು ರೇಷ್ಮೆಯದಾದರೂ ಅದು ಸ್ಯಾಟಿನ್ನೇ, ನೈಲಾನಿನದಾದರೂ ಸ್ಯಾಟಿನ್ನೇ. ಮನೆತನ ಅಂದರೆ ನಾರು. ಹತ್ತಿ, ಸೆಣಬು, ಲಿನನ್ ಗಿಡದ ಮನೆಯವು; ರೇಷ್ಮೆ, ಉಣ್ಣೆ ಪ್ರಾಣಿಯ ಮನೆಯವು; ನೈಲಾನ್, ಪಾಲಿಯೆಸ್ಟರ್, ಅಕ್ರಿಲಿಕ್ ಕಾರ್ಖಾನೆಯ ಮನೆಯವು. ರೇಯಾನಿಗೆ ಬಂದಾಗ ಮಾತ್ರ ಟೀಚರ್ ಸ್ವಲ್ಪ ತಡೆದರು. "ಇದು ಹುಟ್ಟಿದ್ದು ಮರದ ಮನೆಯಲ್ಲಿ, ಸಾಕಿದ್ದು ಕಾರ್ಖಾನೆ. ಹರಿಹರದಲ್ಲಿ ನೀಲಗಿರಿ ಮರದ ತಿರುಳು ಕರಗಿಸಿ ಇದನ್ನು ಮಾಡ್ತಾರೆ." ಮರದಿಂದ ಬಟ್ಟೆಯೇ! ಕಿಟಕಿಯಾಚೆ ನೋಡುತ್ತಿದ್ದ ಮೂರ್ನಾಡಿನ ಹುಡುಗಿ "ಸಿಲ್ವರ್ ಓಕಿಂದ ಬರಲ್ವಾ ಟೀಚರ್?" ಎಂದಳು. ಅವರ ತೋಟದ ತುಂಬ ಅದೇ ಇತ್ತು.

ಮಳೆಯೂ ನಮಗೆ ಅರ್ಧ ಪಾಠ ಮಾಡಿತು. ಮಡಿಕೇರಿಯ ಜುಲೈಯಲ್ಲಿ ಬಟ್ಟೆ ಒಣಗಿಸುವುದು ಒಂದು ಸಂಸಾರ ತಾಪತ್ರಯ. ನನ್ನ ಹತ್ತಿಯ ಲಂಗ ಬಚ್ಚಲ ಒಲೆಯ ಮೇಲೆ ನಾಲ್ಕು ದಿನ ನೇತಾಡಿದರೂ ನೆರಿಗೆಯೊಳಗೆ ತಣ್ಣಗೇ ಇರುತ್ತಿತ್ತು. ಒಣಗಿತು ಅನ್ನುವಾಗ ಹೊಗೆ ವಾಸನೆ, ಅಲ್ಲಲ್ಲಿ ಬೂಸ್ಟಿನ ಕರಿಚುಕ್ಕೆ. ಗೆಳತಿಯ ಟೆರಿಕಾಟ್ ಲಂಗವೋ ರಾತ್ರಿ ಹಿಂಡಿ ಹಾಕಿದರೆ ಬೆಳಿಗ್ಗೆಗೆ ಸಿದ್ಧ. ಅದು ಹಣವಂತರ ಬಟ್ಟೆ, ಅದಕ್ಕೇ ಹಾಗೆ ಎಂದುಕೊಂಡಿದ್ದೆ! ಕಾರಣ ಬೇರೆಯೇ ಇತ್ತು. ನೂರು ಗ್ರಾಂ ಒಣಹತ್ತಿ ಬರೀ ಗಾಳಿಯಿಂದಲೇ ಏಳೆಂಟು ಗ್ರಾಂ ನೀರು ಹೀರಿಟ್ಟುಕೊಂಡಿರುತ್ತದೆ. ಪಾಲಿಯೆಸ್ಟರ್ ಅರ್ಧ ಗ್ರಾಂ ಕೂಡ ಒಳಗೆ ಬಿಟ್ಟುಕೊಳ್ಳುವುದಿಲ್ಲ. ಒದ್ದೆಯಾದರೂ ನೀರು ಎಳೆಯ ಹೊರಗೇ ನಿಂತು ಹರಿದುಹೋಗುತ್ತದೆ. ಟೆರಿಕಾಟ್ ಅಂದರೆ ಟೆರಿಲಿನ್ ಎಂಬ ಪಾಲಿಯೆಸ್ಟರೂ ಕಾಟನ್ನೂ ಕೂಡಿದ್ದು ಎಂದು ತಿಳಿದದ್ದೂ ಆಗಲೇ. 1941ರಲ್ಲಿ ಇಂಗ್ಲೆಂಡಿನ ವಿನ್‌ಫೀಲ್ಡ್, ಡಿಕ್ಸನ್ ಎಂಬಿಬ್ಬರು ಕಂಡುಹಿಡಿದ ನೂಲು ಸುಂಟಿಕೊಪ್ಪದ ಬಸ್ಸಿನಲ್ಲಿ ನನ್ನ ಪಕ್ಕ ಕೂತು ಬರುತ್ತಿತ್ತು. ಬೇಸಿಗೆಯಲ್ಲಿ ಅದೇ ಲಂಗ ಮೈಗೆ ಅಂಟಿ ಅವಳು ಪರದಾಡುವಾಗ ನನಗೆ ಒಳಗೊಳಗೇ ಸಮಾಧಾನ.

ಉಣ್ಣೆಯದು ಇನ್ನೊಂದು ಸೋಜಿಗ. ನಮ್ಮ ತೋಟದ ದನ ಕಾಯುವ ಅಜ್ಜ ಕಂಬಳಿ ಕೊಪ್ಪೆ ಹಾಕಿಕೊಂಡು ದಿನವಿಡೀ ಮಳೆಯಲ್ಲಿ ನಿಲ್ಲುತ್ತಿದ್ದ. ಉಣ್ಣೆ ತನ್ನ ತೂಕದ ಮೂರರಲ್ಲೊಂದು ಪಾಲಿನಷ್ಟು ನೀರು ಕುಡಿದರೂ ಮುಟ್ಟಿದವರಿಗೆ ಒದ್ದೆ ಅನ್ನಿಸುವುದಿಲ್ಲವೆಂದು ಅಜ್ಜನಿಗೆ ಯಾರು ಹೇಳಿದ್ದರೋ.

ಆಮೇಲೆ ಬಂತು ನಾವು ಕಾಯುತ್ತಿದ್ದ ಸುಡುವ ಪಾಠ. ತಟ್ಟೆಯಲ್ಲಿ ನೀರು, ಮೇಣದಬತ್ತಿ, ಚಿಮಟ. ಒಂದೊಂದೇ ಎಳೆ ಹಿಡಿದು ಬೆಂಕಿಯ ಪಕ್ಕಕ್ಕೆ ತರಬೇಕು. ಹತ್ತಿ ಸರಕ್ಕನೆ ಹತ್ತಿಕೊಂಡು ಕಾಗದದ ವಾಸನೆ ಬಿಟ್ಟು, ಮುಟ್ಟಿದರೆ ಉದುರುವ ಬೂದಿಯಾಗುತ್ತದೆ. ಕಾಫಿ ಮೂಟೆಯ ಗೋಣಿದಾರವೂ, ಮರದ ಮನೆಯ ರೇಯಾನೂ ಹಾಗೆಯೇ. ರೇಷ್ಮೆ, ಉಣ್ಣೆ ಉರಿಯಲು ಹಿಂದೆಮುಂದೆ ನೋಡುತ್ತವೆ, ಬೆಂಕಿ ದೂರವಾದರೆ ತಾವೇ ಆರುತ್ತವೆ. ಕೂದಲು ಸುಟ್ಟ ವಾಸನೆ. ಕೊನೆಯಲ್ಲುಳಿವ ಕರಿಗುಂಡು ಬೆರಳಲ್ಲಿ ಹಿಸುಕಿದರೆ ಪುಡಿಪುಡಿ. ಪಾಲಿಯೆಸ್ಟರ್ ಬೆಂಕಿ ಕಂಡರೇ ಮುದುಡಿ ಹಿಂದೆ ಸರಿದು, ಕರಗಿ, ಕಪ್ಪು ಹೊಗೆ ಕಾರಿ, ಕಲ್ಲಿನಂಥ ಮಣಿಯಾಗುತ್ತದೆ. ಬಿಸಿ ಮಣಿ ಬೆರಳಿಗಂಟಿದರೆ ಚರ್ಮ ಕಿತ್ತುಕೊಂಡೇ ಬರುತ್ತದೆ. ನನ್ನ ಎಡಗೈ ಹೆಬ್ಬೆರಳಲ್ಲಿ ಇವತ್ತಿಗೂ ಗುರುತಿದೆ.

ಒಬ್ಬಳು ತಾತ ಕುಪ್ಯದ, ಅಂದರೆ ಕೊಡವರ ಉದ್ದಂಗಿಯ ಮೇಲೆ ಸೊಂಟಕ್ಕೆ ಕಟ್ಟಿಕೊಳ್ಳುತ್ತಿದ್ದ ಕೆಂಪು ಚೇಲೆಯಿಂದ ಒಂದೆಳೆ ಕದ್ದು ತಂದಿದ್ದಳು. ಸುಟ್ಟರೆ ಕೂದಲ ವಾಸನೆ. ಅಪ್ಪಟ ರೇಷ್ಮೆ! ಅವಳ ಮುಖದ ಮೇಲಿನ ಗೆಲುವನ್ನು ನನ್ನಿಂದ ತಡೆಯಲಾಗಲಿಲ್ಲ.

ಆ ಶನಿವಾರ ಅಮ್ಮ ಇಲ್ಲದ ಹೊತ್ತು ನೋಡಿ ಟ್ರಂಕು ತೆರೆದೆ. ಅಪ್ಪ ಮದುವೆಗೆ ಕೊಡಿಸಿದ ಸೀರೆ, ಮನೆಯಲ್ಲಿದ್ದ ಒಂದೇ ಒಂದು ರೇಷ್ಮೆ. ಸೆರಗಿನ ಕುಚ್ಚಿನಿಂದ ಎಳೆಯೊಂದನ್ನು ಕಿತ್ತು ಬೆಂಕಿಗೆ ಹಿಡಿದೆ. ಸರಕ್ಕನೆ ಹತ್ತಿಕೊಂಡಿತು. ಕಾಗದದ ವಾಸನೆ. ಇನ್ನೊಂದು ಕಿತ್ತೆ. ಅದೂ ಕಾಗದ. ರೇಯಾನ್. ಅಂಗಡಿಯವರ ಬಾಯಲ್ಲಿ ಆರ್ಟ್ ಸಿಲ್ಕ್, ಅಂದರೆ ಕೃತಕ ರೇಷ್ಮೆ.

ಸುಮ್ಮನಿರಬೇಕಿತ್ತು. ರಾತ್ರಿ ಊಟಕ್ಕೆ ಕೂತಾಗ, ದೊಡ್ಡ ಸಂಶೋಧನೆ ಮಾಡಿದವಳ ಹಾಗೆ ಹೇಳಿಬಿಟ್ಟೆ. ಅಪ್ಪನ ಕೈ ತಟ್ಟೆಯಲ್ಲೇ ನಿಂತಿತು. ಆ ಸೀರೆಯ ಸಾಲವನ್ನು ಅವರು ತಿಂಗಳು ತಿಂಗಳು ಸಂಬಳದಲ್ಲಿ ಮುರಿಸಿಕೊಂಡು ತೀರಿಸಿದ್ದರೆಂದು ನನಗೆ ಗೊತ್ತಿರಲಿಲ್ಲ. ಅಮ್ಮ ಸಾರು ಬಡಿಸುತ್ತಾ, "ಅದಕ್ಕೇ ನೋಡಿ, ಹದಿನಾರು ವರ್ಷ ಆದ್ರೂ ನುಸಿ ಮುಟ್ಟಿಲ್ಲ" ಎಂದರು. ಅಪ್ಪ ನಗಲಿಲ್ಲ.

ಸೋಮವಾರ ಟೀಚರ್ ಹತ್ತಿರ ಒಪ್ಪಿಸಿದೆ. ಅವರು ಬೈಯಲಿಲ್ಲ. "ಎಳೆ ಎಲ್ಲಿಂದ ಕಿತ್ತೆ?" ಎಂದರು.

"ಕುಚ್ಚಿಂದ, ಟೀಚರ್."

"ಹಾಗಾದ್ರೆ ಅದು ಹಾಸು. ಹೊಕ್ಕು ನೋಡಿದ್ಯಾ?"

"ಇಲ್ಲ."

"ಹಾಸೊಂದು ಮನೆ, ಹೊಕ್ಕೊಂದು ಮನೆ ಇರೋ ಸೀರೆ ಬೇಕಾದಷ್ಟಿವೆ. ಒಂದು ಕಡೆಯವರನ್ನ ಕೇಳಿ ಪಂಚಾಯ್ತಿ ಮುಗಿಸಿಬಿಟ್ಟೆಯಲ್ಲ!"

ಮನೆಗೆ ಓಡಿದೆ. ಟ್ರಂಕಿಗೆ ಬೀಗ ಬಿದ್ದಿತ್ತು, ಬೀಗದ ಕೈ ಅಮ್ಮನ ಸೊಂಟದಲ್ಲಿ. "ಸೀರೆಗೆ ಬೆಂಕಿ ಇಡೋ ವಿದ್ಯೆ ನನಗೆ ಬೇಡ ಕಣೇ" ಎಂದರು.

ಮೂರನೇ ತಿಂಗಳು ಮೆಷಿನ್ನಿನ ಮೇಲಿನ ಬೆಡ್‌ಶೀಟು ಸರಿಯಿತು. ಕ್ರಾಸ್ ಪೀಸ್, ಕಾಜ, ಹೆಮ್ಮಿಂಗ್ ಎಲ್ಲ ಎಲ್ಲ ಶಾಲೆಗಳಲ್ಲೂ ಕಲಿಸುವಂಥದೇ, ಅದನ್ನು ಬರೆದು ಜಾಗ ತಿನ್ನುವುದಿಲ್ಲ. ಅವರು ಅಷ್ಟು ಹೇಳಿದ್ದರೂ ನಾನು ಎಡವಿದ್ದನ್ನು ಮಾತ್ರ ಹೇಳಬೇಕು. ಪಿಯುಸಿ ರಜೆಯಲ್ಲಿ ತೋಟದ ಕೂಲಿಯವರ ಲೈನ್ ಮನೆಯ ಅಕ್ಕನೊಬ್ಬರಿಗೆ ಪಾಲಿಯೆಸ್ಟರ್ ಕ್ರೇಪಿನ ರವಿಕೆ ಹೊಲಿದುಕೊಟ್ಟೆ, ನನ್ನ ಮೊದಲ ಕೂಲಿ ಕೆಲಸ. ಹತ್ತಿಯ ಲೈನಿಂಗನ್ನು ರಾತ್ರಿ ನೆನೆಹಾಕಿ ಒಣಗಿಸಿ ಕತ್ತರಿಸಬೇಕಿತ್ತು. ಮಳೆ, ಸೋಮಾರಿತನ, ಹಾಗೇ ಕತ್ತರಿಸಿದೆ. ಎರಡನೇ ಒಗೆತಕ್ಕೆ ಲೈನಿಂಗ್ ಕುಗ್ಗಿತು, ಪಾಲಿಯೆಸ್ಟರ್ ಎಲ್ಲಿ ಕುಗ್ಗುತ್ತದೆ? ರವಿಕೆ ಕರಿದ ಹಪ್ಪಳದ ಹಾಗೆ ಸೊಟ್ಟಗಾಯಿತು. ಎಂಟು ರೂಪಾಯಿ ಕೂಲಿ ವಾಪಸು ಕೊಟ್ಟೆ. ಬೇಡ ಎನ್ನುತ್ತಲೇ ಅವರು ಇಸಿದುಕೊಂಡರು.

ಈಗ ಕುಶಾಲನಗರದಲ್ಲಿ ನನ್ನದೇ ಹೊಲಿಗೆ ಅಂಗಡಿಯಿದೆ. ಗಿರಾಕಿಗಳು ಬಟ್ಟೆ ಮೇಜಿನ ಮೇಲಿಟ್ಟರೆ ಕೈ ತಾನಾಗಿ ಒಂದು ಮೂಲೆಯನ್ನು ಮುಷ್ಟಿಯಲ್ಲಿ ಹಿಂಡಿ ಇಪ್ಪತ್ತೆಣಿಸುತ್ತದೆ. ಸುಕ್ಕು ಉಳಿದರೆ ಹತ್ತಿಯೋ ರೇಯಾನೋ, ಬಿಚ್ಚಿಕೊಂಡರೆ ಪಾಲಿಯೆಸ್ಟರ್ ಬೆರೆತಿದೆ. "ಪ್ಯೂರ್ ಸಿಲ್ಕ್ ಮೇಡಂ" ಎಂದು ಯಾರಾದರೂ ಹೇಳಿದರೆ ಹೂಂ ಎನ್ನುತ್ತೇನೆ. ಕೇಳದೆ ಯಾರ ಮನೆತನವನ್ನೂ ಹೇಳುವುದಿಲ್ಲ.

ಅಮ್ಮನ ಸೀರೆ ಈಗ ನನ್ನ ಬೀರುವಿನಲ್ಲಿದೆ. ನುಸಿ ಮುಟ್ಟಿಲ್ಲ. ಹೊಕ್ಕಿನ ಎಳೆ ಕೀಳಲು ಬೇಕಾದ ಚಿಮಟವೂ ಬೆಂಕಿಪೊಟ್ಟಣವೂ ಅಂಗಡಿಯ ಡ್ರಾಯರಿನಲ್ಲೇ ಇವೆ. ಇನ್ನೂ ಸುಟ್ಟು ನೋಡಿಲ್ಲ.