ಮೀನಿನ ಲಾರಿಯ ಚಾಸಿ, ಈ ಮಳೆಗಾಲದ ಕೆಲಸ

ಮಳೆಗಾಲದ ಮೀನುಗಾರಿಕೆ ನಿಷೇಧ ಅಂತ ಜೂನ್ 1ಕ್ಕೆ ಬೋಟುಗಳೆಲ್ಲ ದಕ್ಕೆಗೆ ಬಂದು ನಿಂತ್ರೆ ಮತ್ತೆ ಜುಲೈ 31ರ ತನಕ ಮಲ್ಪೆಯಲ್ಲಿ ನಮಗೆ ಲೋಡ್ ಇಲ್ಲ, ಆ 61 ದಿನದಲ್ಲೇ ಲಾರಿಯ ವರ್ಷದ ಕೆಲಸ ಎಲ್ಲ ಮುಗಿಸ್ಬೇಕು. ನಮ್ಮದು ಟಾಟಾ 1613, 2003ರ ಮಾಡೆಲ್, ಅಪ್ಪ ಸೆಕೆಂಡ್ ಹ್ಯಾಂಡಲ್ಲಿ ತಗೊಂಡದ್ದು. ಗೊತ್ತಿಲ್ಲದವ್ರಿಗೆ ಹೇಳ್ತೇನೆ, 16 ಅಂದ್ರೆ ಲೋಡ್ ಸೇರಿ 16 ಟನ್, 13 ಅಂದ್ರೆ ಸುಮಾರು 130 ಎಚ್‌ಪಿ. ಒಳಗಿರೋದು 697 ಇಂಜಿನ್, ಆರು ಸಿಲಿಂಡರ್, ಬೋರ್ (ಸಿಲಿಂಡರಿನ ಒಳ ಅಗಲ) 97 ಮಿಲಿಮೀಟರ್, ಹೆಸರು ಬಂದದ್ದೇ ಹಾಗೆ.

ಈ ಇಂಜಿನ್ ಬಗ್ಗೆ ನನಗೆ ಒಂದು ಚೂರೂ ಹೆದರಿಕೆ ಇಲ್ಲ. ಟೈಮಿಗೆ ಆಯಿಲ್, ಫಿಲ್ಟರ್ ಹಾಕಿದ್ರೆ, ಡೀಸೆಲ್ ಪಂಪು ನಾಜಲ್ ಒಮ್ಮೆ ಚೆಕ್ ಮಾಡಿಸಿದ್ರೆ ಸಾಕು, ಲೈನರ್ ಪಿಸ್ಟನ್ ಬೇಕಾದ್ರೂ ಸಿಗ್ತದೆ, ಕೆಲಸ ಗೊತ್ತಿರೋ ಮೇಸ್ತ್ರಿಗಳೂ ಇದ್ದಾರೆ. ಆದ್ರೆ ನಮ್ಮ ಕರಾವಳಿಯಲ್ಲಿ ಲಾರಿ ಗುಜರಿಗೆ ಹೋಗೋದು ಇಂಜಿನ್ ಸತ್ತು ಅಲ್ಲ ಮಾರಾಯ್ರೆ, ಚಾಸಿ, ಅಂದ್ರೆ ಇಡೀ ಲಾರಿಯನ್ನ ಹೊರೋ ಕೆಳಗಿನ ಕಬ್ಬಿಣದ ಚೌಕಟ್ಟು, ತುಕ್ಕು ಹಿಡಿದು. ಅದರಲ್ಲೂ ಮೀನಿನ ಲಾರಿ ಅಂದ್ರೆ ಕೇಳೋದೇ ಬೇಡ, ಹೊರಗಿಂದ ಕಡಲ ಗಾಳಿ, ಮೇಲಿಂದ ಮಳೆ, ಒಳಗಿಂದ ಐಸ್ ಕರಗಿ ಮೀನಿನ ಉಪ್ಪು ರಕ್ತ ಎಲ್ಲ ಸೇರಿದ ನೀರು ದಿನಾ ಚಾಸಿ ಮೇಲೆಯೇ ಬೀಳ್ತಾ ಇರ್ತದೆ.

ಎರಡು ವರ್ಷದ ಹಿಂದೆ ಒಂದು ಗ್ಯಾರೇಜಲ್ಲಿ ಚಾಸಿಗೆ ಪೈಂಟ್ ಮಾಡಿಸಿದ್ವಿ. ಅವ್ರು ಮೇಲೆ ಮೇಲೆ ಮಾತ್ರ ಉಜ್ಜಿ ರೆಡ್ ಆಕ್ಸೈಡ್ ಹೊಡೆದು ಅದರ ಮೇಲೆ ಕಪ್ಪು ಬಳಿದು ಕೊಟ್ರು, ನೋಡ್ಲಿಕ್ಕೆ ಹೊಸದರ ಹಾಗೆ ಇತ್ತು, ಮುಂದಿನ ಮಳೆಗಾಲಕ್ಕೆ ನೋಡಿದ್ರೆ ಎಲ್ಲ ಕಡೆ ಗುಳ್ಳೆ, ಉಗುರಲ್ಲಿ ಕೆರೆದ್ರೆ ಪೈಂಟ್ ಹಾಳೆ ಹಾಳೆಯಾಗಿ ಏಳ್ತಿತ್ತು. ಪೈಂಟಿನ ಕೆಳಗೆ ಉಪ್ಪು ಉಳಿದ್ರೆ ಅದು ನೀರನ್ನ ಒಳಗೆ ಎಳ್ಕೊಳ್ತದೆ, ಮೇಲೆ ಎಷ್ಟೇ ಒಳ್ಳೆ ಪೈಂಟ್ ಇದ್ರೂ ಪ್ರಯೋಜನ ಇಲ್ಲ. ಈ ಸಲ ನಾನೂ ತಮ್ಮನೂ ಮೂರು ದಿನ ಬರೀ ಬಾವಿ ನೀರಲ್ಲಿ ಪ್ರೆಷರ್ ಹೊಡೆದು ತೊಳೆದ್ವಿ, ಆಮೇಲೆ ವೈರ್ ಬ್ರಷ್, ಮತ್ತೆ ತೊಳೆದು ಶೆಡ್ ಒಳಗೆ ಫ್ಯಾನ್ ಇಟ್ಟು ಒಣಗಿಸಿ ಆಮೇಲೆ ಎಪಾಕ್ಸಿ ಪ್ರೈಮರ್. ಜೂನಲ್ಲಿ ಒಣಗಿಸೋದು ಅಂದ್ರೆ ಎಷ್ಟು ಕಷ್ಟ ಅಂತ ಉಡುಪಿಯವ್ರಿಗೆ ಹೇಳ್ಬೇಕಾಗಿಲ್ಲ.

ತೊಳೆಯುವಾಗಲೇ ಗೊತ್ತಾದದ್ದು, ಹಿಂದಿನ ಎಕ್ಸಲ್ ಮೇಲೆ ಚಾಸಿಗೆ ಒಳಗಿಂದ ಇನ್ನೊಂದು ಪ್ಲೇಟ್ ಸೇರಿಸಿರ್ತಾರಲ್ಲ, ಆ ಎರಡು ಪ್ಲೇಟಿನ ಸಂದಿಗೆ ನೀರು ಹೋಗಿ ತುಕ್ಕು ಊದಿಕೊಂಡು ಪ್ಲೇಟನ್ನೇ ದೂಡಿಬಿಟ್ಟಿದೆ, ಎರಡು ರಿವಿಟ್ ತಲೆ ಹಾರಿ ಹೋಗಿತ್ತು. ತುಕ್ಕು ಕಬ್ಬಿಣಕ್ಕಿಂತ ಎಷ್ಟೋ ಪಟ್ಟು ಜಾಗ ತಗೊಳ್ತದೆ, ಅದರ ಒತ್ತಡ ಅಂದ್ರೆ ಅಷ್ಟು ಉಂಟು. ಹೊರಗಿಂದ ನೋಡಿದ್ರೆ ಎಂತದೂ ಕಾಣೋದಿಲ್ಲ, ಸುತ್ತಿಗೆಯಲ್ಲಿ ತಟ್ಟಿ ನೋಡ್ಬೇಕು, ಗಟ್ಟಿ ಕಬ್ಬಿಣ ಟಣ್ ಅಂತದೆ, ತುಕ್ಕು ತಿಂದದ್ದು ದಪ್ ಅಂತದೆ. ಅಣ್ಣ ಹೇಳಿದ್ದು, ಮೇಲಿಂದ ಒಂದು ಪಟ್ಟಿ ಇಟ್ಟು ವೆಲ್ಡ್ ಮಾಡಿಬಿಡುವ ಅಂತ. ನಾನು ಒಪ್ಪಲಿಲ್ಲ. ಚಾಸಿಯ ಮೇಲಿನ ಕೆಳಗಿನ ಅಂಚಿಗೇ ಲೋಡಿನ ಎಳೆತ ಜಾಸ್ತಿ, ಅಲ್ಲಿ ಅಡ್ಡಕ್ಕೆ ವೆಲ್ಡ್ ಎಳೆದ್ರೆ, ತೂತು ಕೊರೆದ್ರೆ, ಕ್ರ್ಯಾಕ್ ಶುರುವಾಗೋದೇ ಅಲ್ಲಿಂದ. ಹಾಗಾಗಿ ರಿವಿಟ್ ಎಲ್ಲ ಕತ್ತರಿಸಿ ಒಳ ಪ್ಲೇಟ್ ಹೊರಗೆ ತೆಗೆದು ಎರಡೂ ಬದಿ ಕ್ಲೀನ್ ಮಾಡಿ, ಹೊಸ ಪ್ಲೇಟ್ ಇಟ್ಟು ಹಳೆ ತೂತಿಗೇ ಹೈಟೆನ್ಸಿಲ್ ಬೋಲ್ಟ್ ಹಾಕಿ ಟೈಟ್ ಮಾಡಿದ್ದು. ನಾಲ್ಕು ದಿನ ಹೆಚ್ಚು ಹೋಯ್ತು, ಹೋಗ್ಲಿ.

ಕೆಲವ್ರು ಮಳೆಗಾಲಕ್ಕೆ ಮೊದಲು ಹಳೆ ಇಂಜಿನ್ ಆಯಿಲನ್ನ ಚಾಸಿಗೆ ಸ್ಪ್ರೇ ಮಾಡ್ತಾರೆ. ನಾವೂ ಮಾಡ್ತಿದ್ವಿ, ಈಗ ನಿಲ್ಲಿಸಿದ್ದೇನೆ. ಬ್ರೇಕ್ ಹೋಸಿಗೆ, ರಬ್ಬರ್ ಬುಷಿಗೆ ಆಯಿಲ್ ತಾಗಿದ್ರೆ ಅದು ಊದಿಕೊಂಡು ಹಾಳಾಗ್ತದೆ, ಮತ್ತೆ ಮೊದಲ ಮಳೆಗೆ ಅಷ್ಟೂ ಆಯಿಲ್ ತೊಳೆದು ಹೋಗಿ ಸೇರೋದು ನಮ್ಮದೇ ಅಂಗಳಕ್ಕೆ, ಬಾವಿಗೆ.

ನನ್ನ ಲೆಕ್ಕದಲ್ಲಿ ದೊಡ್ಡ ಕೆಲಸ ಬಾಡಿಯದ್ದು. ಮೊದಲು ನೆಲಕ್ಕೆ ತೂತು ಇತ್ತು, ನೀರು ಚಾಸಿ ಮೇಲೆ ಬಿದ್ದು ಅಲ್ಲಿಂದ ಹೈವೇಗೆ. ಹಿಂದೆ ಬರೋ ಬೈಕಿನವ್ರ ಮುಖಕ್ಕೆ ಆ ನೀರು ಹಾರೋದು, ರೋಡ್ ಜಾರೋದು, ಪೊಲೀಸ್ ಫೈನ್ ಹಾಕೋದು, ಅವ್ರು ಹಾಕೋದು ಸರಿಯೇ. ಈಗ ನೆಲ ಹಿಂದಿನ ಎಡ ಮೂಲೆಗೆ ಇಳಿಜಾರು, ಒಳಗೆ ಫೈಬರ್ ಲೈನಿಂಗ್ ಗೋಡೆಗೂ ಒಂದಡಿ ಹತ್ತಿಸಿದ್ದು, ಮೂಲೆಯಿಂದ ಪೈಪು, ಚಾಸಿಗಿಂತ ಕೆಳಗೆ ಹೋಗಿ ಪ್ಲಾಸ್ಟಿಕ್ ಟ್ಯಾಂಕಿಗೆ, ಅದಕ್ಕೆ ನಳ್ಳಿ. ಟ್ಯಾಂಕ್ 200 ಲೀಟರಿಂದು, ಆದ್ರೆ ಒಂದು ಟನ್ ಐಸ್ ಪೂರ್ತಿ ಕರಗಿದ್ರೆ 1,000 ಲೀಟರ್ ನೀರು, ಅಂದ್ರೆ ಟ್ಯಾಂಕ್ ಎಷ್ಟು ದೊಡ್ಡದಿದ್ರೂ ಐಸ್ ಕರಗೋದನ್ನ ಕಮ್ಮಿ ಮಾಡ್ದೆ ಆಗೋದಿಲ್ಲ. ಅದಕ್ಕೇ ಗೋಡೆಯ ಹಳೆ ಥರ್ಮಾಕೋಲ್ ಕಿತ್ತು ಪಫ್ (ಶಾಖ ತಡೆಯೋ ಪಾಲಿಯುರೆಥೇನ್ ಫೋಮ್) ಹಾಕ್ಸಿದ್ದು. ಕಿತ್ತ ಥರ್ಮಾಕೋಲ್ ಹಿಂಡಿದ್ರೆ ನೀರು ಬರ್ತಿತ್ತು, ಹಿಂದಿನ ಪ್ಲೈವುಡ್ ಕೈಯಲ್ಲೇ ಮುರೀತಿತ್ತು. ಬಾಡಿ ಬದಲಾಯಿಸೋವ್ರು ಆರ್‌ಸಿಯಲ್ಲಿ ನಮೂದು ಮಾಡಿಸ್ಲಿಕ್ಕೆ ಮರೀಬೇಡಿ, ಎಂಟು ವರ್ಷ ದಾಟಿದ ಲಾರಿಗೆ ಎಫ್‌ಸಿ (ಫಿಟ್ನೆಸ್ ಸರ್ಟಿಫಿಕೇಟಿನ ತಪಾಸಣೆ) ಹೇಗೂ ಪ್ರತಿ ವರ್ಷ ಉಂಟಲ್ಲ, ಅಲ್ಲಿ ಸಿಕ್ಕಿಬೀಳ್ತೀರಿ.

ಇನ್ನೊಂದು ಹೇಳ್ಬೇಕು. ಹೋದ ಡಿಸೆಂಬರಿಂದ ಸೆಲ್ಫ್ ಎಳೀತಿರ್ಲಿಲ್ಲ, ಒಬ್ಬ ಇಲೆಕ್ಟ್ರಿಷಿಯನ್ ಎರಡು ಸಲ ಸ್ಟಾರ್ಟರ್ ಬಿಚ್ಚಿ ಕಾರ್ಬನ್ ಬದಲಾಯಿಸಿ ದುಡ್ಡು ತಗೊಂಡ್ರು, ಬ್ಯಾಟರಿ ಕೂಡ ಹೊಸದು ಹಾಕಿಸಿದ್ರು. ಕೊನೆಗೆ ನೋಡಿದ್ರೆ ಕರೆಂಟ್ ಬ್ಯಾಟರಿಗೆ ವಾಪಸ್ ಹೋಗ್ಲಿಕ್ಕೆ ಇಂಜಿನ್ನಿಂದ ಚಾಸಿಗೆ ಬರೋ ಅರ್ತ್ ಪಟ್ಟಿ ಹಸಿರು ಪುಡಿ ಆಗಿತ್ತು. ಹೊಸ ಪಟ್ಟಿ, ಬೋಲ್ಟ್ ಕೂರೋ ಜಾಗ ಹೊಳೆಯೋ ತನಕ ಉಜ್ಜಿ ಗ್ರೀಸ್, ಅಷ್ಟೇ, ಈಗ ಇಂಜಿನ್ ಒಂದು ಸುತ್ತು ತಿರುಗಿದ್ರೆ ಸಾಕು, ಸ್ಟಾರ್ಟ್.

ಬ್ರೇಕಿನ ಏರ್ ಟ್ಯಾಂಕಲ್ಲಿ ಸೇರೋ ನೀರು ದಿನಾ ಸಂಜೆ ಬಿಡೋದು ತಮ್ಮನ ಜವಾಬ್ದಾರಿ. ಸ್ಪ್ರಿಂಗ್ ಪಟ್ಟಿಯನ್ನ ಚಾಸಿಗೆ ಜೋಡಿಸೋ ಶ್ಯಾಕಲ್ ಪಿನ್ನಿಗೆ, ಮುಂದಿನ ಚಕ್ರ ತಿರುಗೋ ಕಿಂಗ್ ಪಿನ್ನಿಗೆ ವಾರಕ್ಕೊಮ್ಮೆ ಗ್ರೀಸ್ ನಂದು, ಕಿಂಗ್ ಪಿನ್ನಿಗೆ ಹೊಡೆಯುವಾಗ ಜಾಕ್ ಕೊಟ್ಟು ಚಕ್ರ ಎತ್ತಿಯೇ ಹೊಡೀಬೇಕು, ಇಲ್ಲದಿದ್ರೆ ಭಾರ ಬಿದ್ದ ಬದಿಗೆ ಗ್ರೀಸ್ ಹೋಗೋದೇ ಇಲ್ಲ.

ಆಗಸ್ಟ್ ಮೊದಲ ವಾರ ಮಲ್ಪೆಯಿಂದ ಉಳ್ಳಾಲಕ್ಕೆ ಬೂತಾಯಿ ಮೀನಿನ ಲೋಡ್ ಹೋಯ್ತು. ಪಡುಬಿದ್ರಿಯಲ್ಲಿ ನಿಲ್ಲಿಸಿ ಟಾರ್ಚ್ ಹಿಡ್ಕೊಂಡು ಕೆಳಗೆ ನುಗ್ಗಿ ನೋಡಿದೆ, ಹೊಸ ಪ್ಲೇಟ್ ಒಣಗಿಯೇ ಇತ್ತು, ಟ್ಯಾಂಕ್ ಅರ್ಧ ತುಂಬಿತ್ತು. ಚಾಸಿಯ ಹಿಂದಿನ ಅಡ್ಡ ಪಟ್ಟಿ, ಕ್ರಾಸ್ ಮೆಂಬರ್, ಒಂದು ಬಾಕಿ ಉಂಟು, ಅದನ್ನೂ ತಟ್ಟಿ ನೋಡಿದ್ದೇನೆ, ದಪ್ ಅಂತದೆ, ಬರೋ ಜೂನಿಗೆ.