ಸೀನಾಯಿ ಬೆಟ್ಟಕ್ಕೆ ಪ್ರಶ್ನೆ ಹೊತ್ತು ಹೊರಟವರಿಗೆ

ದೇವರು ಮೋಶೆಗೆ ಹತ್ತು ಆಜ್ಞೆಗಳನ್ನು ಕೊಟ್ಟ ಸ್ಥಳವೆಂದು ನಂಬಲಾದ ಈಜಿಪ್ಟಿನ ಸೀನಾಯಿ ಬೆಟ್ಟವನ್ನು ಹೆಚ್ಚಿನವರು ಸೂರ್ಯೋದಯ ನೋಡಲು ಹತ್ತುತ್ತಾರೆ. ಈ ಬರಹ ಬೇರೆ ಯಾತ್ರಿಕರಿಗಾಗಿ. ಬದುಕಿನ ದೊಡ್ಡದೊಂದು ನಿರ್ಧಾರದ ಮುಂದೆ ನಿಂತು, ಹತ್ತು ಜನರ ಹತ್ತು ಮಾತು ಕೇಳಿ ದಣಿದು, ಇನ್ನು ದೇವರನ್ನೇ ಕೇಳೋಣ ಎಂದುಕೊಂಡವರಿಗಾಗಿ. ನಾನು ಹೋದದ್ದೂ ಹಾಗೆಯೇ. ಇರುವ ಉದ್ಯೋಗ ಬಿಟ್ಟು ಪೂರ್ಣಾವಧಿ ಕ್ರೈಸ್ತ ಸೇವೆಗೆ ಇಳಿಯಬೇಕೇ ಎಂಬುದು ನನ್ನ ಪ್ರಶ್ನೆಯಾಗಿತ್ತು. ಮನೆಯವರು ಬೇಡವೆಂದರು. ಸಭೆಯ ಹಿರಿಯರೊಬ್ಬರು ಈಗಲೇ ಹೊರಡು ಎಂದರು, ಇನ್ನೊಬ್ಬರು ಕಾಯಬೇಕು ಎಂದರು. ಎಲ್ಲರೂ ನನ್ನ ಹಿತ ಬಯಸಿದವರೇ. ಆದ್ದರಿಂದಲೇ ಯಾರ ಮಾತನ್ನೂ ತಳ್ಳಿಹಾಕಲು ಮನಸ್ಸು ಬರಲಿಲ್ಲ.

ಬೆಟ್ಟದ ಬುಡದಲ್ಲಿ ಸೇಂಟ್ ಕ್ಯಾಥರೀನ್ ಎಂಬ ಸಣ್ಣ ಊರಿದೆ. ಶರ್ಮ್ ಎಲ್ ಶೇಖ್‌ನಿಂದ ರಸ್ತೆಯಲ್ಲಿ ಸುಮಾರು ಮೂರು ಗಂಟೆ, ಕೈರೋದಿಂದಾದರೆ ಏಳೆಂಟು ಗಂಟೆಯ ದಾರಿ. ನಡುವೆ ಅಲ್ಲಲ್ಲಿ ತಪಾಸಣೆ ನಡೆಯುತ್ತದೆ. ಪಾಸ್‌ಪೋರ್ಟ್ ಕೈಗೆ ಸಿಗುವಂತೆ ಇಟ್ಟುಕೊಳ್ಳಿ. ಸೀನಾಯಿ ಪ್ರದೇಶದ ಭದ್ರತೆಯ ಬಗ್ಗೆ ಸರ್ಕಾರ ಆಗಾಗ ಕೊಡುವ ಸೂಚನೆಗಳನ್ನು ಟಿಕೆಟ್ ಕೊಳ್ಳುವ ಮೊದಲೇ ಓದಿ. ಕಡಲತೀರದ ಹೋಟೆಲುಗಳಿಂದ ರಾತ್ರಿ ಬಸ್ಸಿನಲ್ಲಿ ಕರೆತಂದು, ಕತ್ತಲೆಯಲ್ಲಿ ಬೆಟ್ಟ ಹತ್ತಿಸಿ, ಬೆಳಗಾದ ಮೇಲೆ ಹಿಂದಕ್ಕೆ ಕರೆದೊಯ್ಯುವ ಪ್ರವಾಸಗಳಿವೆ. ಪ್ರಾರ್ಥನೆಗೆಂದು ಹೋಗುವವರು ದಯವಿಟ್ಟು ಅದನ್ನು ಆರಿಸಿಕೊಳ್ಳಬೇಡಿ. ನಿದ್ದೆಗೆಟ್ಟು, ಗುಂಪಿನ ಗಡಿಯಾರಕ್ಕೆ ಕಟ್ಟುಬಿದ್ದು, ಯಾವ ಪ್ರಶ್ನೆಯ ಮುಂದೆಯೂ ನೆಮ್ಮದಿಯಾಗಿ ಕೂರಲಾಗದು. ಊರಿನಲ್ಲೇ ತಂಗಿ. ಬೆಟ್ಟದ ಬುಡದಲ್ಲಿರುವ ಸೇಂಟ್ ಕ್ಯಾಥರೀನ್ ಕ್ರೈಸ್ತ ಮಠದ ಬಳಿ ಅತಿಥಿಗೃಹವೂ ಇದೆ.

ಬೆದೂಯಿನ್ ಮಾರ್ಗದರ್ಶಿಯಿಲ್ಲದೆ ಬೆಟ್ಟ ಹತ್ತಲು ಬಿಡುವುದಿಲ್ಲ. ಈ ಮಾರ್ಗದರ್ಶಿಗಳು ಜೆಬೆಲಿಯಾ ಬುಡಕಟ್ಟಿನವರು. ಮಠವನ್ನು ಕಾಯಲು ಆರನೆಯ ಶತಮಾನದಲ್ಲಿ ಚಕ್ರವರ್ತಿ ಜಸ್ಟಿನಿಯನ್ ಕಳುಹಿಸಿದವರ ವಂಶ ತಮ್ಮದೆಂದು ಹೇಳಿಕೊಳ್ಳುತ್ತಾರೆ. ಎಲ್ಲಿ ಕಾಲಿಡಬೇಕು, ಎಷ್ಟು ಹೊತ್ತಿಗೆ ಇಳಿಯಬೇಕು ಎಂಬುದರಲ್ಲಿ ಅವರ ಮಾತನ್ನು ಮೀರಬೇಡಿ. ದೇವರನ್ನು ಕೇಳಲು ಹೊರಟವರು ಮನುಷ್ಯರ ಮಾತಿಗೆ ಕಿವಿ ಮುಚ್ಚಿಕೊಳ್ಳಬೇಕಾಗಿಲ್ಲ. ಸತ್ಯವೇದದ (ಬೈಬಲಿನ) ವಿಮೋಚನಕಾಂಡದ 18ನೆಯ ಅಧ್ಯಾಯದಲ್ಲಿ, ಇದೇ ದೇವರ ಬೆಟ್ಟದ ಬಳಿ, ಮೋಶೆಗೆ ಅವನ ಮಾವ ಇತ್ರೋನನು ಬುದ್ಧಿ ಹೇಳುತ್ತಾನೆ: ಎಲ್ಲರ ವ್ಯಾಜ್ಯವನ್ನೂ ಒಬ್ಬನೇ ತೀರ್ಮಾನಿಸುತ್ತಾ ಕುಳಿತರೆ ಸೋತುಹೋಗುವೆ, ಕೆಲಸ ಹಂಚು ಎಂದು. ಆದರೆ ದೇವರೂ ಹಾಗೆಯೇ ಅಪ್ಪಣೆ ಕೊಟ್ಟರೆ ಮಾತ್ರ ಎಂಬ ಷರತ್ತನ್ನು ಆ ಹಿರಿಯನೇ ಸೇರಿಸುತ್ತಾನೆ. ಸಲಹೆ ಕೊಡುವವನು ಎಲ್ಲಿ ನಿಲ್ಲಬೇಕೆಂದು ತಿಳಿದಿರುವುದು ಎಷ್ಟು ದೊಡ್ಡ ಗುಣ! ಹೊರಡುವ ಮೊದಲು ಈ ಅಧ್ಯಾಯವನ್ನು ಓದಿಕೊಳ್ಳಿ.

ಮೇಲೇರಲು ಎರಡು ದಾರಿಗಳಿವೆ. ಒಂಟೆಗಳ ದಾರಿ ಉದ್ದ, ಆದರೆ ಏರು ಹದವಾಗಿದೆ. ಇನ್ನೊಂದು, ಸನ್ಯಾಸಿಗಳು ಕಲ್ಲು ಜೋಡಿಸಿ ಕಟ್ಟಿದ ಪಶ್ಚಾತ್ತಾಪದ ಮೆಟ್ಟಿಲುಗಳು. ಅವು 3,750 ಇವೆ ಎನ್ನುತ್ತಾರೆ. ಮಂಡಿ ಗಟ್ಟಿಯಿದ್ದವರು ಹಗಲಿನಲ್ಲಿ ಇಳಿಯಲು ಈ ಮೆಟ್ಟಿಲುಗಳನ್ನು ಬಳಸಬಹುದು, ಕತ್ತಲೆಯಲ್ಲಿ ಬೇಡ. ಒಂಟೆಯ ಮೇಲೆ ಹೋದರೂ ಕೊನೆಯ ಸುಮಾರು 750 ಮೆಟ್ಟಿಲುಗಳನ್ನು ಕಾಲ್ನಡಿಗೆಯಲ್ಲೇ ಏರಬೇಕು. ಶಿಖರದ ಎತ್ತರ 2,285 ಮೀಟರ್. ಹಗಲಿನ ಮರುಭೂಮಿಯ ಬಿಸಿಲನ್ನು ನಂಬಿ ತೆಳು ಬಟ್ಟೆಯಲ್ಲಿ ಹೋದವರು ಮೇಲೆ ನಡುಗುತ್ತಾರೆ. ಚಳಿಗಾಲದಲ್ಲಿ ಹಿಮವೂ ಬೀಳುವುದುಂಟು. ದಪ್ಪ ಸ್ವೆಟರ್, ಹಣೆಗೆ ಕಟ್ಟುವ ಟಾರ್ಚ್, ನೀರು, ಸ್ವಲ್ಪ ಚಿಲ್ಲರೆ ಹಣ ಸಾಕು. ದಾರಿಯ ಗುಡಿಸಲುಗಳಲ್ಲಿ ಚಹಾ ಸಿಗುತ್ತದೆ, ಕಂಬಳಿಯೂ ಬಾಡಿಗೆಗೆ ಸಿಗುತ್ತದೆ.

ನನ್ನನ್ನು ಕೇಳಿದರೆ, ಮುಂಜಾನೆಗಿಂತ ಸಂಜೆಯ ಏರಾಟವೇ ಒಳ್ಳೆಯದು. ಸೂರ್ಯೋದಯದ ಹೊತ್ತಿನಲ್ಲಿ ಶಿಖರದ ಮೇಲೆ ಕಾಲಿಡಲು ಜಾಗವಿರುವುದಿಲ್ಲ, ಎಲ್ಲೆಡೆ ಮೊಬೈಲ್ ಬೆಳಕು. ಮಧ್ಯಾಹ್ನದ ಬಳಿಕ ಹೊರಟರೆ ಜನ ವಿರಳ. ಅದಕ್ಕಿಂತ ಮುಖ್ಯವಾಗಿ, ಶಿಖರದ ಕೆಳಗಿರುವ ಎಲೀಯನ ಬಯಲಿನಲ್ಲಿ ಕೂರಲು ಸಮಯ ಸಿಗುತ್ತದೆ. ಸುತ್ತ ಕೆಂಪು ಗ್ರಾನೈಟ್ ಬಂಡೆ, ನಡುವೆ ಹಳೆಯ ಸೈಪ್ರೆಸ್ ಮರ, ಪಕ್ಕದಲ್ಲಿ ಪುಟ್ಟ ಪ್ರಾರ್ಥನಾಲಯ. ಶಿಖರಕ್ಕಿಂತ ಇಲ್ಲಿ ಹೆಚ್ಚು ಹೊತ್ತು ಕಳೆಯಿರಿ ಎಂದು ಒತ್ತಿ ಹೇಳುತ್ತೇನೆ.

ಇಲ್ಲಿ ಕುಳಿತು ಓದಬೇಕಾದದ್ದು ಅರಸುಗಳ ಮೊದಲನೆಯ ಪುಸ್ತಕದ 19ನೆಯ ಅಧ್ಯಾಯ. ರಾಣಿ ಈಜೆಬೆಲಳ ಬೆದರಿಕೆಗೆ ಓಡಿ, ಸಾವನ್ನೇ ಬೇಡಿದ ಪ್ರವಾದಿ ಎಲೀಯನು ನಲವತ್ತು ದಿನ ನಡೆದು ಹೋರೇಬಿಗೆ, ಅಂದರೆ ಇದೇ ಸೀನಾಯಿಗೆ, ಬರುತ್ತಾನೆ. ಬಿರುಗಾಳಿ ಬೀಸುತ್ತದೆ, ಭೂಕಂಪವಾಗುತ್ತದೆ, ಬೆಂಕಿ ಕಾಣಿಸುತ್ತದೆ. ಇವು ಯಾವುದರಲ್ಲೂ ಯೆಹೋವನು ಇರಲಿಲ್ಲ. ಕೊನೆಗೆ ಕೇಳಿಸಿದ್ದು ಮೆಲುದನಿ. ಆ ದನಿ ತಕ್ಷಣ ಉತ್ತರ ಕೊಡುವುದಿಲ್ಲ. ಇಲ್ಲಿ ನಿನಗೇನು ಕೆಲಸ ಎಂದು ಪ್ರವಾದಿಯನ್ನೇ ಕೇಳುತ್ತದೆ. ಮೊದಲು ಕೇಳಿದ್ದೂ ಇದೇ ಪ್ರಶ್ನೆ. ಆಮೇಲೆ ಸಿಗುವುದು ನೇರವಾದ ಕೆಲಸಗಳು: ಬಂದ ದಾರಿಯಲ್ಲೇ ಹಿಂದಿರುಗು, ಹಜಾಯೇಲನನ್ನು, ಯೇಹುವನ್ನು ಅರಸರಾಗಿ, ಎಲೀಷನನ್ನು ಪ್ರವಾದಿಯಾಗಿ ಅಭಿಷೇಕಿಸು.

ನನಗೆ ಯಾವ ಧ್ವನಿಯೂ ಕೇಳಿಸಲಿಲ್ಲ. ಆ ಪ್ರಶ್ನೆಯನ್ನು ನನಗೇ ಕೇಳಿದಂತೆ ಓದಿಕೊಂಡೆ, ಮತ್ತೆ ಓದಿಕೊಂಡೆ. ಸೇವೆಯ ಹಂಬಲ ದೇವರು ಕೊಟ್ಟದ್ದು, ಆತುರ ಮಾತ್ರ ಜನ ಕೊಟ್ಟದ್ದು ಎಂಬುದು ಅಲ್ಲಿ ತಿಳಿಯಾಯಿತು. ಮುಂದೆ ಉದ್ಯೋಗದಲ್ಲಿದ್ದುಕೊಂಡೇ ಸೇವೆ ಆರಂಭಿಸಿದೆ. ನಿಮಗೆ ಬೇರೆಯೇ ದಾರಿ ತೋರಬಹುದು. ಮನಸ್ಸಿಗೆ ಹೊಳೆದದ್ದನ್ನೆಲ್ಲ ದೇವರ ಮಾತೆಂದು ಎತ್ತಿಕೊಳ್ಳಬೇಡಿ; ಬೆರೋಯ ಎಂಬ ಊರಿನವರು ಅಪೊಸ್ತಲ ಪೌಲನ ಬೋಧನೆಯನ್ನೇ ಶಾಸ್ತ್ರದೊಡನೆ ಹೋಲಿಸಿ ನೋಡಿದರು, ನಮ್ಮ ಹೊಳಹಿಗೆ ಅದಕ್ಕಿಂತ ಕಡಿಮೆ ಪರೀಕ್ಷೆ ಸಾಲದು.

ಬೆಟ್ಟದ ವಾಯವ್ಯಕ್ಕೆ ಎರ್ ರಾಹಾ ಎಂಬ ವಿಶಾಲ ಬಯಲಿದೆ. ಇಸ್ರಾಯೇಲರು ಬೀಡುಬಿಟ್ಟದ್ದು ಅಲ್ಲಿಯೇ ಎಂಬುದು ಪರಂಪರೆಯ ನಂಬಿಕೆ. ಮೋಶೆ ಬೆಟ್ಟದ ಮೇಲಿದ್ದಾಗ, ಕೆಳಗೆ ಜನ ಅವನ ಅಣ್ಣ ಆರೋನನನ್ನು ಸುತ್ತುಗಟ್ಟಿ ಚಿನ್ನದ ಕರು ಮಾಡಿಸಿಕೊಂಡರು. ಆರೋನನಿಗೆ ದೇವರ ಪರಿಚಯವಿರಲಿಲ್ಲವೇ? ಇತ್ತು. ಎದುರಿಗೆ ನಿಂತ ಗುಂಪಿನ ಕೂಗು ಇನ್ನೂ ಹತ್ತಿರವಾಗಿತ್ತು. ಆ ಬಯಲಿನ ಮುಂದೆ ನಿಂತಾಗ ನನ್ನ ಎದೆ ನಿಜವಾಗಿಯೂ ಭಾರವಾಯಿತು.

ಇದೇ ಆ ಸೀನಾಯಿಯೇ ಎಂಬ ಬಗ್ಗೆ ವಿದ್ವಾಂಸರಲ್ಲಿ ಒಮ್ಮತವಿಲ್ಲ. ಬೇರೆ ಬೆಟ್ಟಗಳನ್ನು ಸೂಚಿಸುವವರೂ ಇದ್ದಾರೆ. ಆದರೆ ನಾಲ್ಕನೆಯ ಶತಮಾನದಿಂದಲೂ ಯಾತ್ರಿಕರು ಇಲ್ಲಿಗೆ ಬಂದು ಪ್ರಾರ್ಥಿಸಿದ್ದಾರೆ. ನನಗೆ ಅಷ್ಟು ಸಾಕು.

ಮಠಕ್ಕೆ ಇನ್ನೊಂದು ಬೆಳಗನ್ನು ಮೀಸಲಿಡಿ. ದೇವರು ಮೋಶೆಯೊಡನೆ ಮಾತಾಡಿದ ಉರಿಯುವ ಪೊದೆಯದೆಂದು ನಂಬಲಾದ ಗಿಡ ಅದರ ಗೋಡೆಗಳ ಒಳಗಿದೆ. ನಾಲ್ಕನೆಯ ಶತಮಾನದ ಸತ್ಯವೇದದ ಹಸ್ತಪ್ರತಿ, ಕೋಡೆಕ್ಸ್ ಸಿನೈಟಿಕಸ್, ಇದ್ದದ್ದು ಇಲ್ಲಿಯೇ. 1844ರಲ್ಲಿ ಜರ್ಮನ್ ವಿದ್ವಾಂಸ ಟಿಷೆಂಡಾರ್ಫ್ ಅದರ ಹಾಳೆಗಳನ್ನು ಕಂಡರು, ಅದರ ಬಹುಭಾಗ ಈಗ ಬ್ರಿಟಿಷ್ ಲೈಬ್ರರಿಯಲ್ಲಿದೆ. ಬಾಗಿಲು ಬೆಳಗ್ಗೆ ಕೆಲವೇ ಗಂಟೆ ತೆರೆದಿರುತ್ತದೆ. ಶುಕ್ರವಾರ, ಭಾನುವಾರ ಮತ್ತು ಆರ್ಥಡಾಕ್ಸ್ ಹಬ್ಬಗಳಂದು ಸಾಮಾನ್ಯವಾಗಿ ಮುಚ್ಚಿರುತ್ತದೆ. ದಿನ ಗೊತ್ತುಮಾಡುವ ಮೊದಲು ವಿಚಾರಿಸಿಕೊಳ್ಳಿ. ಭುಜ, ಮಂಡಿ ಮುಚ್ಚುವ ಉಡುಪು ಧರಿಸಿ. ಹೊರಟ ಮೇಲೆ ಅದೇ ದಿನ ವಿಮಾನ ಹಿಡಿಯುವ ಯೋಜನೆ ಬೇಡ. ತಪಾಸಣೆಗಳಲ್ಲಿ ತಡವಾಗುವುದುಂಟು, ಬೆಟ್ಟದಲ್ಲಿ ಬರೆದುಕೊಂಡದ್ದನ್ನು ಇನ್ನೊಮ್ಮೆ ಓದಿ ಪ್ರಾರ್ಥಿಸಲೂ ಒಂದು ಸಂಜೆ ಉಳಿಯುತ್ತದೆ.